ಸದ್ದು ಮಾಡದ ಪಂಪು

ಸೆಪ್ಟೆಂಬರ್ 1, ಭಾನುವಾರ

ಇಂದಿನಿಂದ ದಿನಚರಿ ಬರೆಯುತ್ತೇನೆ. ಮನೆಯಲ್ಲಿ ಒಂದು ಮುಖ್ಯ ಖರೀದಿ ಆಗಬೇಕಿದೆ. ಬಾಗಿಲಿನ ಕೀಲು ತಯಾರಿಸುವ ಕಂಪನಿಯಲ್ಲಿ ಖರೀದಿ ವಿಭಾಗದ ಮುಖ್ಯಸ್ಥನಾಗಿರುವ ನಾನು, ಮೂರು ಕಡೆ ದರ ಕೇಳದೆ ಪೆನ್ಸಿಲ್ ಕೂಡ ಕೊಂಡವನಲ್ಲ. ಯೋಚನೆಯೆಲ್ಲ ಬರಹದಲ್ಲಿರಬೇಕು ಎಂಬುದು ನನ್ನ ಶಿಸ್ತು.

ಕೊಳ್ಳಬೇಕಾದದ್ದು ಅಲೆ ಎಬ್ಬಿಸುವ ಪಂಪು. ಕಳೆದ ತಿಂಗಳು ನಮ್ಮ ಮನೆಯ ಹಾಲಿಗೆ ಬಂದ ಸಮುದ್ರದ ಗಾಜಿನ ತೊಟ್ಟಿಗೆ. ಬುಸಾನಿಗೆ ವರ್ಗವಾಗಿ ಹೋಗುತ್ತಿದ್ದವರೊಬ್ಬರು ಉಪ್ಪುನೀರು, ಕಲ್ಲು, ಜೀವಂತ ಹವಳ, ಎರಡು ಕಿತ್ತಳೆ ಮೀನುಗಳ ಸಮೇತ ಕೊಟ್ಟುಹೋದರು. ದಿನಕ್ಕೆ ಹತ್ತು ನಿಮಿಷ ಹವಳ ನೋಡಿದರೆ ಓದುವ ಮಕ್ಕಳ ಏಕಾಗ್ರತೆ ಹೆಚ್ಚುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ನಮ್ಮ ಮಗಳು ದಾಸೊಮ್ ನವೆಂಬರಿನಲ್ಲಿ ಎರಡನೇ ಸಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯುತ್ತಿದ್ದಾಳೆ. ಕಳೆದ ವರ್ಷ ಅಂಕ ಕೈಕೊಟ್ಟವು. ಈ ವರ್ಷ ಕೈಕೊಡಬಾರದು.

ಹವಳ ಗಿಡವಲ್ಲ, ಪ್ರಾಣಿ. ಆದರೆ ಕೂತಲ್ಲಿಂದ ಏಳುವುದಿಲ್ಲ. ಊಟ ಅದರ ಬಾಯಿಗೆ ಹೋಗಬೇಕು, ಕೊಳೆ ಅದರ ಮೈಯಿಂದ ತೊಳೆದುಹೋಗಬೇಕು. ಎರಡನ್ನೂ ಅಲೆ ಮಾಡುತ್ತದೆ. ಸಮುದ್ರದಲ್ಲಿ ಅಲೆ ಬಿಟ್ಟಿ; ಇಂಚೆಯೋನ್ ನಗರದ ಹನ್ನೊಂದನೇ ಮಹಡಿಯ ಮನೆಯಲ್ಲಿ ಅದಕ್ಕೆ ಪಂಪು ಬೇಕು. ತೊಟ್ಟಿಯ ಜೊತೆ ಬಂದ ಹಳೆಯ ಪಂಪು ಕಫ ಕಟ್ಟಿದ ಮುದುಕನ ಹಾಗೆ ಹಗಲೂ ರಾತ್ರಿ ಗೊರಗೊರ ಎನ್ನುತ್ತದೆ.

"ರೀ, ಪರೀಕ್ಷೆ ಇರೋ ಮನೆಗಳಲ್ಲಿ ಜನ ಗೋಡೆ ಗಡಿಯಾರದ ಬ್ಯಾಟರಿ ತೆಗೆದಿಡ್ತಾರೆ. ನೀವು ಕಾರ್ಖಾನೆ ತಂದು ಇಟ್ಟಿದ್ದೀರ!" ಎಂದಳು ಮಿರನ್. ನನ್ನ ಹೆಂಡತಿ. ಮಗಳಿಗಾಗಿ ಬೆಟ್ಟದ ಮೇಲಿನ ದೇಗುಲದಲ್ಲಿ ನೂರು ದಿನದ ಪ್ರಾರ್ಥನೆ ಹಿಡಿದಿದ್ದಾಳೆ. ಆದ್ದರಿಂದ ಅವಳ ಮಾತಿಗೆ ಈಗ ಬುದ್ಧನ ಬೆಂಬಲವೂ ಇದೆ.

"ಇರ್ಲಿ ಬಿಡಮ್ಮ. ನಂಗೆ ಈ ಸದ್ದು ಚೆನ್ನಾಗೇ ಇದೆ," ಎಂದಳು ದಾಸೊಮ್.

ಅಪ್ಪನ ಮನಸ್ಸು ನೋಯಬಾರದೆಂದು ಆಡಿದ ಮಾತು. ಎಂಥ ಸಂಸ್ಕಾರ! ಇಂಥ ಮಗಳಿಗೆ ಸದ್ದೇ ಇಲ್ಲದ ಪಂಪು ತಂದುಕೊಡುವುದು ತಂದೆಯ ಕರ್ತವ್ಯ.

ಸೆಪ್ಟೆಂಬರ್ 5, ಗುರುವಾರ

ನಿನ್ನೆ ದೇಶದ ತುಂಬ ಮಾದರಿ ಪರೀಕ್ಷೆ ಇತ್ತು. ಹೇಗಾಯಿತು ಎಂದು ಮಗಳನ್ನು ಕೇಳಿದೆ. "ಪರವಾಗಿಲ್ಲ," ಎಂದಳು. ಪರವಾಗಿಲ್ಲ ಎಂದರೆ ಒಳ್ಳೆಯದು.

ಅಂತರ್ಜಾಲದಲ್ಲಿ ಇಂಥ ತೊಟ್ಟಿ ಇಟ್ಟುಕೊಂಡವರ 'ಉಪ್ಪುನೀರ ಬಳಗ' ಸೇರಿದೆ. ಅಲ್ಲಿ ದರ್ಜೆಗಳಿವೆ: ಮೊದಲು ಸೀಗಡಿ ಮರಿ, ಆಮೇಲೆ ಸೀಗಡಿ, ಆಮೇಲೆ ಮೀನು, ಕೊನೆಗೆ ತಿಮಿಂಗಿಲ. ಇಪ್ಪತ್ತಾರು ವರ್ಷ ನೌಕರಿ ಮಾಡಿದ ನಾನು ಸೀಗಡಿ ಮರಿ. ಇರಲಿ. 'ನಲವತ್ತು ಲೀಟರು ತೊಟ್ಟಿ ಇಟ್ಟುಕೊಂಡು ಸಮುದ್ರ ಎನ್ನಬೇಡಿ' ಎಂದು ಒಬ್ಬರು ನನ್ನಂಥ ಇನ್ನೊಬ್ಬ ಸೀಗಡಿ ಮರಿಯನ್ನು ಬೈದಿದ್ದರು. ನನ್ನದು ಮುನ್ನೂರು ಲೀಟರು ಎಂದು ತಿಳಿಸಿ ಗೌರವ ಉಳಿಸಿಕೊಂಡೆ.

ಬಳಗದಲ್ಲಿ ಎರಡು ಪಂಗಡ. ಜೋರು ಅಲೆಯವರು, ಮೆಲ್ಲಲೆಯವರು. ತೊಟ್ಟಿಯ ಅಷ್ಟೂ ನೀರು ಗಂಟೆಗೆ ನಲವತ್ತು ಸಲ ಸುತ್ತದಿದ್ದರೆ ಹವಳ ಸಾಯುತ್ತದೆ ಎಂದು ಮೊದಲಿನವರು. ಸುತ್ತಿದರೆ ಸಾಯುತ್ತದೆ ಎಂದು ಎರಡನೆಯವರು. ಇಬ್ಬರ ತೊಟ್ಟಿಯಲ್ಲೂ ಹವಳ ಚೆನ್ನಾಗಿದೆ. ಇಬ್ಬರೂ ಮಣಿಯುವುದು ತಿಮಿಂಗಿಲ ದರ್ಜೆಯ 'ಹವಳ ತಾತ' ಎಂಬುವರಿಗೆ ಮಾತ್ರ. ಅವರಿಗೆ ಬಾಗಿ ಬಾಗಿ ನಮಸ್ಕರಿಸಿ ಸಲಹೆ ಕೇಳಿದೆ. 'ಅವಸರ ಬೇಡ. ಮೊದಲು ತೊಟ್ಟಿ ಮುಂದೆ ಕೂತು ಸುಮ್ಮನೆ ನೋಡಿ' ಎಂದು ಬರೆದರು. ಹಿರಿಯರ ಮಾತೇ ಬೇರೆ.

ಸೆಪ್ಟೆಂಬರ್ 8, ಭಾನುವಾರ

ತಾತನ ಮಾತಿನಂತೆ ಕೂತು ನೋಡಿದೆ. ಹವಳ ಚೆನ್ನಾಗಿದೆ. ದಾಸೊಮ್ ಓದಿನ ನಡುವೆ ಹೊರಗೆ ಬಂದು ತೊಟ್ಟಿಯ ಕೆಳಗಿನ ಮರದ ಪೆಟ್ಟಿಗೆಗೆ ಬೆನ್ನು ಆನಿಸಿ ಕೂರುತ್ತಾಳೆ. ಆದರೆ ಹವಳದ ಕಡೆ ಬೆನ್ನು! ಪತ್ರಿಕೆಯಲ್ಲಿ ಹೇಳಿದ್ದು ನೋಡಬೇಕೆಂದು, ಒರಗಬೇಕೆಂದಲ್ಲ. "ಈ ಕಡೆ ತಿರುಗು ಮರಿ, ಇಲ್ದಿದ್ರೆ ಪ್ರಯೋಜನ ಇಲ್ಲ," ಎಂದೆ. ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಒಳಗೆ ಹೋದಳು.

ಮಿರನ್ ಒಂದು ಒಳ್ಳೆಯ ಸುದ್ದಿ ಹೇಳಿದಳು. ಬೇಸಿಗೆಯ ತನಕ ಒಂದೊಂದು ಗಂಟೆ ನಲ್ಲಿ ಬಿಟ್ಟುಕೊಂಡು ಸ್ನಾನ ಮಾಡುತ್ತಿದ್ದ ಹುಡುಗಿ, ತೊಟ್ಟಿ ಬಂದ ಮೇಲೆ ಬೇಗ ಮುಗಿಸುತ್ತಿದ್ದಾಳಂತೆ. ಸಮಯದ ಬೆಲೆ ಗೊತ್ತಾಗಿದೆ. ತೊಟ್ಟಿಯ ಪ್ರಭಾವ ಎನ್ನದೆ ಇನ್ನೇನು?

ಸೆಪ್ಟೆಂಬರ್ 18, ಬುಧವಾರ

ನಿನ್ನೆ ಸುಗ್ಗಿ ಹಬ್ಬ. ಪರೀಕ್ಷೆ ಇದೆಯೆಂದು ಅಣ್ಣನ ಮನೆಗೆ ಹೋಗಲಿಲ್ಲ. ಅಣ್ಣ ಫೋನಿನಲ್ಲಿ ಓದಿನ ಬಗ್ಗೆ ದಾಸೊಮ್‌ಳನ್ನು ಕೇಳಿದ. ಅವಳು "ಹ್ಞೂಂ ದೊಡ್ಡಪ್ಪ, ಹ್ಞೂಂ ದೊಡ್ಡಪ್ಪ, ಈ ಸಲ ಖಂಡಿತ," ಎಂದು ನಿಂತೇ ಉತ್ತರ ಕೊಟ್ಟಳು. ಆಮೇಲೆ ಅಕ್ಕಿ ಕಡುಬು ಒಂದನ್ನೂ ಮುಟ್ಟಲಿಲ್ಲ. ಹಬ್ಬದ ಭಾರದ ತಿಂಡಿ ಓದುವವರಿಗೆ ಆಗಿಬರುವುದಿಲ್ಲ.

ಸೆಪ್ಟೆಂಬರ್ 21, ಶನಿವಾರ

ಜೋರು ಅಲೆಯವರ ಮಾತು ಕೇಳಿ ಮೊದಲ ಹೊಸ ಪಂಪು ತಂದೆ. ಬೆಲೆ ಬರೆಯುವುದಿಲ್ಲ, ಮಿರನ್ ಕಣ್ಣಿಗೆ ಈ ಪುಸ್ತಕ ಬಿದ್ದರೆ ಕಷ್ಟ. ಗಾಜಿನ ಒಳಗೊಂದು ಹೊರಗೊಂದು ಅಯಸ್ಕಾಂತ ಇಟ್ಟು ಅದನ್ನು ಅಂಟಿಸಬೇಕು. ಸ್ವಿಚ್ ಒತ್ತಿದೆ. ತೊಟ್ಟಿಯಲ್ಲಿ ಮರಳಿನ ಬಿರುಗಾಳಿ ಎದ್ದಿತು. ಒಂದು ಮೀನು ಎದುರಿನ ಗಾಜಿಗೆ ಭಿತ್ತಿಚಿತ್ರದ ಹಾಗೆ ಅಂಟಿಕೊಂಡಿತು. ವೇಗ ಇಳಿಸೋಣ ಎಂದು ಕೈ ಹಾಕುವಷ್ಟರಲ್ಲಿ ಅಯಸ್ಕಾಂತ ಜಾರಿ, ಪಂಪು ಕಲ್ಲಿನ ಮೇಲೆ ಢಣ್ ಎಂದು ಬಿತ್ತು.

ಪರೀಕ್ಷೆ ಇರುವ ಮನೆಯಲ್ಲಿ ಏನೂ ಬೀಳಬಾರದು. ಬಿದ್ದರೆ ಮಗುವೂ ಪರೀಕ್ಷೆಯಲ್ಲಿ ಬೀಳುತ್ತದೆ ಎಂದು ನಂಬಿಕೆ. ಮಿರನ್ ಅಡುಗೆಮನೆಯಿಂದ ಓಡಿಬಂದಳು.

"ಏನು ಬಿತ್ತು?"

"ಬೀಳಲಿಲ್ಲ. ಕೆಳಗೆ ಇಳೀತು."

"ದಾಸೊಮ್ ಅಪ್ಪಾ, ನಂಗೆ ಕಿವಿ ಇದೆ. ಬಿತ್ತು!"

"ಇಳೀತು ಅಂದ್ನಲ್ಲ. ತಾನಾಗೇ ಇಳೀತು."

ಮಿರನ್ ಉಪ್ಪು ತಂದು ತೊಟ್ಟಿಯ ಸುತ್ತ ಚೆಲ್ಲಿ ದೃಷ್ಟಿ ತೆಗೆದಳು. ಒಳಗಿರುವುದೂ ಉಪ್ಪುನೀರೇ ಎಂದು ನಾನು ಹೇಳಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತಿದ್ದ ದಾಸೊಮ್ ನಮ್ಮಿಬ್ಬರನ್ನೂ ನೋಡಿ ಬಾಗಿಲು ಮುಚ್ಚಿಕೊಂಡಳು. ಪಂಪನ್ನು ಅಂಗಡಿಗೆ ಹಿಂದಿರುಗಿಸಿದೆ. ಗೊರಗೊರ ಮುಂದುವರಿಯಿತು.

ಅಕ್ಟೋಬರ್ 5, ಶನಿವಾರ

ಎರಡನೇ ಪಂಪು. ಈ ಸಲ ಮೆಲ್ಲಲೆಯವರದು. ಮುಷ್ಟಿಯಷ್ಟೂ ಇಲ್ಲ. ಸದ್ದು, ಕಿವಿ ಹತ್ತಿರ ಇಟ್ಟರೆ ಸೊಳ್ಳೆಯಷ್ಟು. ಮಿರನ್ ಮೊದಲ ಬಾರಿಗೆ "ಪರ್ವಾಗಿಲ್ವೇ, ನೀವೂ ಒಂದು ಕೆಲಸ ಮಾಡಿದ್ರಿ," ಎಂದಳು. ಮದುವೆಯಾದ ಮೇಲೆ ಇಂಥ ಮಾತು ಅಪರೂಪ, ಆದ್ದರಿಂದ ಬರೆದಿಡುತ್ತಿದ್ದೇನೆ.

ಅಕ್ಟೋಬರ್ 13, ಭಾನುವಾರ

ಪಂಪಿನ ಪರಿಣಾಮವನ್ನು ಕ್ರಮವಾಗಿ ಪರಿಶೀಲಿಸುತ್ತಿದ್ದೇನೆ. ಒಂದು, ದಾಸೊಮ್ ಈಗ ತೊಟ್ಟಿಯ ಹತ್ತಿರ ಬಂದು ಕೂರುವುದಿಲ್ಲ, ಕೋಣೆಯಲ್ಲೇ ಇರುತ್ತಾಳೆ. ಏಕಾಗ್ರತೆ ಹೆಚ್ಚಿದೆ. ಎರಡು, ಊಟಕ್ಕೆ ಕರೆದರೆ ಅರ್ಧ ಬಟ್ಟಲು ತಿಂದು ಏಳುತ್ತಾಳೆ. ಹೊಟ್ಟೆ ಹಗುರವಾಗಿದ್ದರೆ ತಲೆ ಚುರುಕು. ಸ್ನಾನ ಮಾತ್ರ ಮತ್ತೆ ಉದ್ದವಾಗಿದೆ, ನೀರು ಸುರಿಯುತ್ತಲೇ ಇರುತ್ತದೆ. ಮಿರನ್ ಬಾಗಿಲು ಬಡಿದು, "ಒಳಗೇನು ಸಮುದ್ರ ತುಂಬಿಸ್ತಿದ್ದೀಯಾ? ಸಮುದ್ರ ನಿಮ್ಮಪ್ಪ ಆಗ್ಲೇ ತಂದಿದ್ದಾರೆ, ಬಾ ಹೊರಗೆ!" ಎಂದಳು. ನನಗೆ ನಗು ಬಂತು.

ಸಂಜೆ ದಾಸೊಮ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಪ್ಪ, ಹಳೇ ಪಂಪ್ ಮತ್ತೆ ಹಾಕೋಕಾಗಲ್ವಾ?"

ಹಳೆಯದರಲ್ಲಿ ತಿರುಗುವ ಕಂಬಿ ಸವೆದಿರುವುದನ್ನೂ, ಸವೆದ ಕಂಬಿ ಏಕೆ ಸದ್ದು ಮಾಡುತ್ತದೆ ಎಂಬುದನ್ನೂ ಚಿತ್ರ ಬರೆದು ಅರ್ಧ ಗಂಟೆ ವಿವರಿಸಿದೆ. ಕೈಕಟ್ಟಿಕೊಂಡು ಕೊನೆಯ ತನಕ ಕೇಳಿದಳು. ಅವಳಿಗೆ ಯಂತ್ರಶಾಸ್ತ್ರದಲ್ಲಿ ಆಸಕ್ತಿ ಇದೆ ಎಂದು ನನಗೆ ಈವರೆಗೆ ಗೊತ್ತಿರಲಿಲ್ಲ.

ಅಕ್ಟೋಬರ್ 20, ಭಾನುವಾರ

ಕಲ್ಲಿನ ಮೇಲೆ ಕೆಂಪು ಲೋಳೆ. ಅಲೆ ಸಾಲದು. ಒಂದು ಹವಳ ಬಾಯಿ ಮುಚ್ಚಿಕೊಂಡಿದೆ. ಯಾಕೋ ಎಂದು ಕೇಳಿದರೆ ಹವಳ ಹೇಳುತ್ತದೆಯೇ? ನೋಡಿ ತಿಳಿದುಕೊಳ್ಳಬೇಕು. ನಾನು ಅಂಥ ಸೂಕ್ಷ್ಮಗಳನ್ನು ಬೇಗ ಗುರುತಿಸುತ್ತೇನೆ ಎಂದು ಬಳಗದವರು ಮೆಚ್ಚಿ ನನ್ನನ್ನು ಸೀಗಡಿ ದರ್ಜೆಗೆ ಏರಿಸಿದರು. ರಾತ್ರಿ ಊಟಕ್ಕೆ ಹಂದಿ ಮಾಂಸ ಹುರಿದು ಆಚರಿಸಿದೆವು. ದಾಸೊಮ್‌ಗೆ ಹಸಿವಿರಲಿಲ್ಲ.

ನವೆಂಬರ್ 2, ಶನಿವಾರ

ಹವಳ ತಾತನೇ ಒಲಿದರು! ತಮ್ಮ ಬಳಿ ಜೋರು ಅಲೆ ಎಬ್ಬಿಸಿಯೂ ಸದ್ದು ಮಾಡದ ಪಂಪು ಒಂದು ಹೆಚ್ಚಾಗಿ ಇದೆ, ಬಂದು ಒಯ್ಯಿರಿ ಎಂದು ಬರೆದಿದ್ದರು. ಹಿರಿಯರನ್ನು ಬರಿಗೈಯಲ್ಲಿ ಕಾಣಬಾರದೆಂದು ಜಿನ್‌ಸೆಂಗ್ ಬೇರಿನ ಪಾನೀಯದ ಪೆಟ್ಟಿಗೆ ಹಿಡಿದು, ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಕಾದೆ. ಬಿಳಿಗಡ್ಡದ ಯಾರೂ ಬರಲಿಲ್ಲ. ಚಪ್ಪಲಿ ಹಾಕಿಕೊಂಡ, ಈಗಷ್ಟೇ ಸೈನ್ಯದ ಸೇವೆ ಮುಗಿಸಿ ಬಂದಂತಿದ್ದ ತುಂಡುಗೂದಲಿನ ತರುಣನೊಬ್ಬ ಬಂದು, "ಮುನ್ನೂರು ಲೀಟರಿನವರು ನೀವೇನಾ?" ಎಂದ.

ಎರಡು ತಿಂಗಳಿಂದ ನಾನು ದಿನವೂ ಅಡ್ಡಬಿದ್ದದ್ದು ನನಗೆ ಮಗನಾಗುವ ವಯಸ್ಸಿನವನಿಗೆ! ನೀವು ಎನ್ನಲು ನಾಲಿಗೆ ಏಳಲಿಲ್ಲ. ಗುರುವನ್ನು ನೀನು ಎನ್ನಲು ಧೈರ್ಯ ಬರಲಿಲ್ಲ. "ಪಂಪು ತಂದದ್ದಾಯಿತೇ? ಮನೆ ದೂರವೇ?" ಎಂದು ಯಾರನ್ನೂ ಯಾವ ಪದದಿಂದಲೂ ಕರೆಯದೆ ಮಾತು ಮುಗಿಸಲು ನೋಡಿದೆ. ಜಿನ್‌ಸೆಂಗ್ ಪೆಟ್ಟಿಗೆ ಕೈ ಬದಲಾಯಿತು. ಅವನಿಗೂ ನಾಚಿಕೆ, ನನಗೂ ನಾಚಿಕೆ.

"ಸದ್ದಿಂದ ಮನೇಲಿ ಯಾರಿಗೆ ತೊಂದ್ರೆ, ಸರ್?" ಎಂದು ಕೇಳಿದ.

"ಮಗಳಿಗೆ. ಪರೀಕ್ಷೆ."

"ಅವಳೇ ಹೇಳಿದ್ಲಾ?"

ಮಕ್ಕಳು ಹೇಳಲಿ ಎಂದು ಕಾಯುತ್ತಾ ಕೂರುವ ತಂದೆ ನಾನಲ್ಲ ಎಂದೆ. ಹುಡುಗು ಪ್ರಶ್ನೆ. ವಯಸ್ಸಿಗೂ ಬುದ್ಧಿಗೂ ಸಂಬಂಧವಿದೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಪಂಪು ಮಾತ್ರ ಅದ್ಭುತ. ಹವಳದ ತೋಳುಗಳೆಲ್ಲ ಗಾಳಿಗೆ ಬಾಗುವ ಪೈರಿನ ಹಾಗೆ ತೂಗಿದವು. ಸದ್ದು? ಇಲ್ಲ. ಒಂದಿಷ್ಟೂ ಇಲ್ಲ. ಮೂವರೂ ತೊಟ್ಟಿಯ ಮುಂದೆ ನಿಂತು ಕೇಳಿದೆವು. ಮಿರನ್ ಕಣ್ಣಲ್ಲಿ ನೀರು ಬಂತು. "ಈಗ ನಿಶ್ಚಿಂತೆ," ಎಂದಳು. ದಾಸೊಮ್ "ಥ್ಯಾಂಕ್ಸ್ ಅಪ್ಪ," ಎಂದು ಕೋಣೆಗೆ ಹೋದಳು.

ನವೆಂಬರ್ 3, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಿರನ್ ಬೆಳಿಗ್ಗೆಯೇ ದೇಗುಲಕ್ಕೆ ಹೋಗಿದ್ದಳು. ಮಧ್ಯಾಹ್ನ ಊಟವಾದ ಮೇಲೆ ನಾನು ಸೋಫಾದ ಮೇಲೆ ಕಣ್ಣುಮುಚ್ಚಿ ಕೂತು, ನಾನೇ ಕೊಂಡುತಂದ ನಿಶ್ಶಬ್ದವನ್ನು ಸವಿಯುತ್ತಿದ್ದೆ. ಆಗ ಕೇಳಿಸಿತು. ಎರಡು ಸಣ್ಣ ಎಳೆತ, ಒಂದು ತಡೆ, ಆಮೇಲೆ ಒಂದು ಉದ್ದನೆಯ ಎಳೆತ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಅದೇ.

ನನಗೆ ಸಿಟ್ಟು ನೆತ್ತಿಗೇರಿತು. ಒಂದೇ ದಿನಕ್ಕೆ ಪಂಪು ಕೆಡುವುದೆಂದರೇನು? ತಾತನಿಗೆ ಫೋನು ಮಾಡಿದೆ.

"ಗಾಳಿ ಗುಳ್ಳೆ ಸಿಕ್ಕಿಹಾಕ್ಕೊಂಡಿರ್ಬೇಕು ಸರ್. ಪಂಪ್ ಸ್ವಲ್ಪ ಅಲ್ಲಾಡ್ಸಿ. ಹೋಗ್ಲಿಲ್ಲ ಅಂದ್ರೆ ಎಲ್ಲಾ ಆಫ್ ಮಾಡಿ, ಒಂದೊಂದೇ ಆನ್ ಮಾಡ್ತಾ ಬನ್ನಿ. ಯಾವುದರಲ್ಲಿ ಸದ್ದು ಬರುತ್ತೋ ಅದೇ ಕಳ್ಳ."

ಅಲ್ಲಾಡಿಸಿದೆ. ಸದ್ದು ನಿಲ್ಲಲಿಲ್ಲ. ಅಲೆ ಪಂಪು ಆಫ್ ಮಾಡಿದೆ. ಸದ್ದು ಬಂತು. ನೀರು ಮೇಲೆತ್ತುವ ಪಂಪು ಆಫ್ ಮಾಡಿದೆ, ದೀಪದ ಫ್ಯಾನು ಆಫ್ ಮಾಡಿದೆ. ಬಂತು. ಹಾಗಾದರೆ ಕಿಮ್ಚಿ ಉಪ್ಪಿನಕಾಯಿಯ ಫ್ರಿಜ್ಜೇ ಕಳ್ಳ ಎಂದುಕೊಂಡು ಅದರ ಪ್ಲಗ್ಗು ಕಿತ್ತೆ. ದೊಡ್ಡ ಫ್ರಿಜ್ಜಿನದೂ ಕಿತ್ತೆ. ಅಕ್ಕಿ ಬೇಯಿಸುವ ಕುಕ್ಕರನ್ನೂ ಬಿಡಲಿಲ್ಲ. ಕೊನೆಗೆ ಮನೆಯಲ್ಲಿ ಕರೆಂಟು ಕುಡಿಯುವ ವಸ್ತು ಒಂದೂ ಉಳಿಯಲಿಲ್ಲ. ನಾನು ಹಾಲಿನ ನಡುವೆ ಉಸಿರು ಹಿಡಿದು ನಿಂತೆ.

ಎರಡು ಸಣ್ಣ ಎಳೆತ. ತಡೆ. ಒಂದು ಉದ್ದನೆಯ ಎಳೆತ.

ಗೋಡೆಗೆ ಕಿವಿ ಇಟ್ಟು ಹುಡುಕುತ್ತಾ ಹೋದೆ. ದಾಸೊಮ್ ಕೋಣೆಯ ಬಾಗಿಲ ಹತ್ತಿರ ಅದು ಜೋರಾಯಿತು. ದೇವರಾಣೆ, ಆಗಲೂ ನನ್ನ ತಲೆಗೆ ಹೊಳೆದದ್ದು ಅವಳ ಫ್ಯಾನು ಎಂದು. ನವೆಂಬರಿನ ಚಳಿಯಲ್ಲಿ ಫ್ಯಾನು!

ಬಾಗಿಲು ತೆರೆದೆ. ನೆಲದ ಮೇಲೆ ಮಡಿಸಿಟ್ಟ ಹಾಸಿಗೆಯೊಳಗೆ ಮುಖ ಹುದುಗಿಸಿಕೊಂಡು ಕೂತಿದ್ದಳು. ಬಾಯಿಗೆ ರಗ್ಗಿನ ತುದಿ ತುರುಕಿಕೊಂಡಿದ್ದಳು. ನನ್ನನ್ನು ನೋಡಿ ಅದನ್ನು ತೆಗೆದಳು.

"ಹೊರಗೆ ಕೇಳಿಸ್ತಾ ಅಪ್ಪ?"

"ಇಲ್ಲ," ಎಂದೆ. ಆಮೇಲೆ, "ಕೇಳಿಸ್ತು," ಎಂದೆ.

"ಸಾರಿ. ಹಳೇ ಪಂಪ್ ಇದ್ದಾಗ ಕೇಳಿಸ್ತಿರ್ಲಿಲ್ಲ ಅಲ್ವಾ?"

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಪ್ರಶ್ನೆ ಓದೋಕೆ ಹೋದ್ರೆ ಅಕ್ಷರ ಎಲ್ಲಾ ಓಡ್ತವೆ ಅಪ್ಪ. ಸೆಪ್ಟೆಂಬರಿನ ಪರೀಕ್ಷೇಲಿ ಅರ್ಧ ಬಿಟ್ಟು ಎದ್ದು ಬಂದೆ. ಅಮ್ಮ ದಿನಾ ಅಷ್ಟು ಸಲ ನಮಸ್ಕಾರ ಹಾಕ್ತಾರೆ, ಮೊಣಕಾಲು ಊದಿದೆ. ನೀವು ಪಂಪ್ ಪಂಪ್ ಅಂತ ಓಡಾಡ್ತೀರಿ. ಎಲ್ರೂ ನಂಗೋಸ್ಕರ ಉಸಿರು ಬಿಗಿಹಿಡ್ಕೊಂಡಿದ್ದೀರಿ. ಈ ಮನೇಲಿ ನಾನು ಉಸಿರಾಡಿದ್ರೂ ಕೇಳಿಸುತ್ತೆ."

ನೌಕರರನ್ನು ಸೇರಿಸಿಕೊಳ್ಳುವಾಗ ಏನು ಹೇಳಬೇಕು, ತೆಗೆಯುವಾಗ ಏನು ಹೇಳಬೇಕು, ಎಲ್ಲ ನನಗೆ ಗೊತ್ತು. ಇಲ್ಲಿ ಬರೀ ಅವಳ ತಲೆ ಮೇಲೆ ಕೈ ಇಟ್ಟೆ. ಅವಳು ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ ಬಾಯಿಬಿಟ್ಟು ಜೋರಾಗಿ ಅತ್ತಳು. ನಾನೂ ಅತ್ತೆ. ಕತ್ತಲಾಗುವ ಹೊತ್ತಿಗೆ ಮಿರನ್ ಬಂದಳು. ಕೈಯಲ್ಲಿ ಜಪಮಣಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

ನವೆಂಬರ್ 4, ಸೋಮವಾರ

ಕಚೇರಿಗೆ ರಜೆ. ದಾಸೊಮ್‌ಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿಬಂದೆವು. ವೈದ್ಯರು ಅವಳೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಇನ್ನು ವಾರಕ್ಕೊಮ್ಮೆ ಬರಬೇಕು. ತೊಟ್ಟಿಯ ಪಂಪು ನಿನ್ನೆಯಿಂದ ಆಫ್ ಆಗಿಯೇ ಇತ್ತು, ಮತ್ತೆ ಹಾಕಲು ಮರೆತಿದ್ದೆ. ಎರಡು ಹವಳ ಸತ್ತಿವೆ.

ನವೆಂಬರ್ 6, ಬುಧವಾರ

"ಇನ್ನೊಂದು ವಾರ ರೀ! ಹೇಗೋ ಬರೆದುಬಿಡ್ಲಿ. ಆಮೇಲೆ ಎಷ್ಟು ಬೇಕಾದ್ರೂ ಅಳ್ಲಿ," ಎಂದಳು ಮಿರನ್.

"ಬರೆಯಲ್ಲ ಅಂತ ಅವಳೇ ಹೇಳಿದ್ದಾಳೆ."

"ಅವಳು ಹೇಳ್ತಾಳೆ! ನಿಮ್ಮ ಅಣ್ಣಂಗೆ ಏನು ಹೇಳ್ತೀರ?"

"ಫೋನ್ ಎತ್ತಲ್ಲ."

"ನಿಮಗೇನು, ಮೀನು ಸಾಕ್ಕೊಂಡು ಆರಾಮಾಗಿದ್ದೀರ. ದೇಗುಲದ ಮೆಟ್ಟಿಲು ಹತ್ತಿದವಳು ನಾನು."

ಮಿರನ್ ಪಾತ್ರೆ ಕುಕ್ಕುತ್ತಾ ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ನಿಂತಿತು. ಅಲ್ಲಿಂದಲೇ ಹೇಳಿದಳು. "ದಿನಾ ಹೋಗಿ ಅಂಕ ಕೊಡು, ಅಂಕ ಕೊಡು ಅಂತ ಕೇಳ್ದೆ. ಮಗು ನಗ್ಲಿ ಅಂತ ಒಂದು ದಿನಾನೂ ಕೇಳ್ಲಿಲ್ವಲ್ಲ ರೀ."

ನವೆಂಬರ್ 14, ಗುರುವಾರ

ಇವತ್ತು ಪರೀಕ್ಷೆ. ಪರೀಕ್ಷೆಗೆ ಹೋಗುವ ಮಕ್ಕಳಿಗೆ ದಾರಿ ಖಾಲಿಯಿರಲೆಂದು ಬೆಳಿಗ್ಗೆ ಕಚೇರಿಗಳು ತಡವಾಗಿ ತೆರೆದವು. ತಡವಾದ ಮಕ್ಕಳನ್ನು ಪೊಲೀಸರು ಬೈಕಿನ ಹಿಂದೆ ಕೂರಿಸಿಕೊಂಡು ಸೈರನ್ ಹಾಕುತ್ತಾ ಹೋದರು. ಮಿರನ್ ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದಳು. ಎರಡು ಸಲ ಕಣ್ಣೊರೆಸಿಕೊಂಡಳು. ದೇಗುಲಕ್ಕೆ ಹೋಗಲಿಲ್ಲ.

ದಾಸೊಮ್ ಎದ್ದಿರಲಿಲ್ಲ. ನಿನ್ನೆ ಸಂಜೆಯೇ ಮಲಗಿದವಳು. ಕೋಣೆಯ ಬಾಗಿಲು ತೆರೆದೇ ಇತ್ತು.

ಮಧ್ಯಾಹ್ನ ಇಂಗ್ಲಿಷ್ ಆಲಿಸುವ ಪರೀಕ್ಷೆ ಶುರುವಾಯಿತು. ಮಕ್ಕಳಿಗೆ ಸರಿಯಾಗಿ ಕೇಳಿಸಲೆಂದು ಆ ಹೊತ್ತಿಗೆ ದೇಶದ ಮೇಲೆ ಒಂದು ವಿಮಾನವೂ ಏಳುವುದಿಲ್ಲ, ಇಳಿಯುವುದಿಲ್ಲ. ನಮ್ಮ ತಲೆಯ ಮೇಲೆ ದಿನವಿಡೀ ಗುಡುಗುವ ಆಕಾಶ ಬಾಯಿ ಮುಚ್ಚಿಕೊಂಡಿತು. ರಸ್ತೆಯಲ್ಲಿ ಒಂದು ಹಾರ್ನು ಇಲ್ಲ. ಕೆಳಗಿನ ಮನೆಯವರು ನಾಯಿಯ ಬಾಯನ್ನೂ ಹೇಗೋ ಮುಚ್ಚಿಸಿದ್ದರು. ತೊಟ್ಟಿಯ ಪಂಪು ನಡೆಯುತ್ತಿತ್ತೋ ಇಲ್ಲವೋ, ನಾನು ನೋಡಿಲ್ಲ.

ಆ ನಿಶ್ಶಬ್ದದಲ್ಲಿ ದಾಸೊಮ್ ಗೊರಕೆ ಹೊಡೆಯುತ್ತಿದ್ದಳು. ಹುಡುಗಿಯರಿಗೆ ಒಪ್ಪುವಂಥ ಸಣ್ಣ ಗೊರಕೆಯಲ್ಲ. ಹೊಟ್ಟೆಯ ಆಳದಿಂದ ಬರುವ, ಗದ್ದೆ ಕೆಲಸ ಮಾಡಿ ಬಂದವರ ಗೊರಕೆ. ಮಿರನ್ ಗಾಬರಿಯಿಂದ ಬಾಗಿಲು ಎಳೆದುಕೊಳ್ಳಲು ಎದ್ದಳು.

"ಎಲ್ಲರ ಮನೆಗೂ ಕೇಳಿಸುತ್ತೆ ರೀ!"

"ಕೂತ್ಕೊ. ಕೇಳಿಸ್ಲಿ," ಎಂದೆ.